ಹಳ್ಳದ ಪಾಲಿನ ನೀರು

ಲಾಂಡ್ರಿಯ ಹಿಂದಿನ ಕೋಣೆಯಿಂದ,
ಏಪ್ರಿಲ್ 20, ಶನಿವಾರ ಮಧ್ಯಾಹ್ನ

ಪ್ರೀತಿಯ ನಮ್ಮವರಿಗೆ,

ಹೇಗಿದ್ದೀರಿ? ಕಣ್ಣುರಿ ಕಡಿಮೆಯಾಯಿತೇ? ವೆಲ್ಡಿಂಗ್ ಮಾಡುವಾಗ ಕಪ್ಪು ಕನ್ನಡಕವನ್ನು ಹಣೆಗೇರಿಸಿಕೊಂಡು ಹರಟೆಗೆ ನಿಲ್ಲುವ ಚಾಳಿಯನ್ನು ಆ ದೊಡ್ಡ ಸೇತುವೆಯ ಕೆಲಸದಲ್ಲಾದರೂ ಬಿಟ್ಟಿದ್ದೀರಿ ಎಂದು ನಂಬುತ್ತೇನೆ. ನಾವಿಬ್ಬರೂ ಆರಾಮ. ಮಗಳು ನನ್ನ ಭುಜದವರೆಗೆ ಬೆಳೆದಿದ್ದಾಳೆ. ಬಾಯಲ್ಲಂತೂ ಯಾವತ್ತೋ ನನ್ನನ್ನು ಮೀರಿಸಿದ್ದಾಳೆ.

ಫೆಬ್ರವರಿಯಲ್ಲಿ ದೊಡ್ಡ ಮಷಿನ್ನಿನ ಬೆಲ್ಟ್ ಹರಿದು ಐದು ದಿನ ಲಾಂಡ್ರಿ ಮುಚ್ಚಿದ್ದೆನಲ್ಲ, ಆಗ ಸುಮ್ಮನೆ ಕೂರಲಾರದೆ ಹಿತ್ತಲಿನ ಹಳ್ಳದ ಕಡೆ ಹೋದೆ. ಬೇಸಿಗೆ ಬಂತೆಂದರೆ ಬರೀ ಕೆಸರಾಗುವ ಮಡುವಿನಲ್ಲಿ ನೀರು ಏರಿತ್ತು. ನನ್ನ ಕಣ್ಣನ್ನೇ ನಂಬದೆ, ಬಟ್ಟೆಗೆ ಗುರುತು ಹಾಕುವ ಶಾಯಿಯಿಂದ ದಡದ ಬಂಡೆಯ ಮೇಲೆ ಗೆರೆ ಎಳೆದೆ. ಲಾಂಡ್ರಿ ಮತ್ತೆ ತೆರೆದ ಮೂರೇ ದಿನಕ್ಕೆ ನೀರು ಗೆರೆಯಿಂದ ನಾಲ್ಕು ಬೆರಳು ಕೆಳಗಿಳಿಯಿತು. ಬೀದಿಯ ಹನ್ನೊಂದು ಮನೆಗೂ ನಮ್ಮ ಲಾಂಡ್ರಿಗೂ ನೀರು ಕೊಡುವ ಬಾವಿ ಹಳ್ಳದಿಂದ ಇಪ್ಪತ್ತು ಹೆಜ್ಜೆ ದೂರವಷ್ಟೇ. ಎರಡೂ ಒಂದೇ ನೀರು. ಇಷ್ಟು ವರ್ಷ ಬಿಸಿಲನ್ನು ಬೈಯುತ್ತಾ ಹಳ್ಳವನ್ನು ಕುಡಿದವಳು ನಾನೇ.

ಅವತ್ತಿನಿಂದ ಕೊನೆಯ ಸಲ ಜಾಲಿಸಿದ ನೀರನ್ನು ಡ್ರಮ್ಮಿಗೆ ಹಿಡಿದು, ಮುಂದಿನ ಬಟ್ಟೆಗಂಟಿನ ಮೊದಲ ಒಗೆತಕ್ಕೆ ಬಳಸುತ್ತಿದ್ದೇನೆ. ಸೋಪಿನ ನೀರು ಹಳ್ಳಕ್ಕೆ ಸೋರದಂತೆ ಪ್ಲಂಬರಕ್ಕ ಪೈಪನ್ನು ಹೊಸದಾಗಿ ಕೂರಿಸಿಕೊಟ್ಟಳು. ಆಮೇಲೆ ನೀರನ್ನು ಹಿಡಿತವಾಗಿ ಬಳಸೋಣ ಎಂದು ಕೇಳಲು ಮನೆಮನೆಗೆ ಹೋದೆ. ಎಲ್ಲರೂ ಒಪ್ಪಿದರು, ನಮ್ಮ ಟ್ಯಾಂಕಜ್ಜನೊಬ್ಬನನ್ನು ಬಿಟ್ಟು. ಅವನ ಮನೆಯ ಟ್ಯಾಂಕು ದಿನಾ ಬೆಳಿಗ್ಗೆ ಉಕ್ಕಿ ಹರಿಯುವುದು ನಿಮಗೆ ಗೊತ್ತೇ ಇದೆ.

"ನಿನ್ನ ಲಾಂಡ್ರಿ ಕುಡಿಯೋದರ ಮುಂದೆ ನಂದು ಯಾವ ಮೂಲೆಗಮ್ಮಾ?" ಎಂದ.

"ಅದಕ್ಕೇ ಮೊದಲು ನಂದು ಸರಿ ಮಾಡ್ಕೊಂಡು ಬಂದಿದ್ದೀನಿ ಅಜ್ಜ. ಒಂದು ಸಲ ಬಂದು ನೋಡಿ, ಆಮೇಲೆ ಬೈಯಿರಿ."

ಗೊಣಗುತ್ತಲೇ ಕೋಲೂರಿಕೊಂಡು ಹಳ್ಳದವರೆಗೆ ಬಂದ. ಗೇಣಾಳದ ನೀರಿನಲ್ಲಿ ಮೀನುಗಳು ಒಂದರ ಮೇಲೊಂದು ಒದ್ದಾಡುತ್ತಿದ್ದವು. ಅಜ್ಜ ಕೋಲನ್ನು ನೀರಿಗಿಳಿಸಿ ಆಳ ನೋಡಿದ. "ಇಷ್ಟೊಂದು ಜೀವ ಇಷ್ಟೇ ನೀರಲ್ಲಿದ್ಯಾ?" ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ಹೊರಟುಹೋದ. ಮರುದಿನವೇ ಟ್ಯಾಂಕಿಗೆ, ತುಂಬಿದೊಡನೆ ತಾನೇ ನೀರು ನಿಲ್ಲಿಸುವ ತೇಲುಗುಂಡಿನ ನಲ್ಲಿ ಹಾಕಿಸಿದ. ಈಗ ಬೀದಿಯಲ್ಲಿ ಯಾರ ಮನೆಯ ನಲ್ಲಿ ತೊಟ್ಟಿಕ್ಕಿದರೂ ಅವರಿಗೆ ಅಜ್ಜನ ಕೈಯಲ್ಲಿ ಉಳಿಗಾಲವಿಲ್ಲ!

ದಿನಕ್ಕೆ ಆರು ಗಂಟೆ ಓಡುತ್ತಿದ್ದ ಬಾವಿಯ ಪಂಪು ಈಗ ನಾಲ್ಕೇ ಗಂಟೆ ಓಡುತ್ತದೆ. ಹೋದ ಮಳೆಗಾಲದಲ್ಲಿ ಮಗಳ ಶಾಲೆಯ ಮೇಷ್ಟ್ರು ದಡದಲ್ಲಿ ನೆಡಿಸಿದ ಸಸಿಗಳು ಒಣಗುತ್ತಿದ್ದವು. ತರಕಾರಿ ತೊಳೆದ ನೀರನ್ನು ಸರದಿಯ ಮೇಲೆ ಹೊತ್ತು ಹಾಕುತ್ತಿದ್ದೇವೆ. ನಲವತ್ತರಲ್ಲಿ ಮೂವತ್ತೊಂದು ಚಿಗುರಿವೆ. ದಡದ ಕಸ ತೆಗೆದ ಕಡೆ ಜೊಂಡು ತಾನಾಗಿ ಎದ್ದಿದೆ, ಕಪ್ಪೆಗಳು ಬಂದಿವೆ. ಮೊನ್ನೆ ಮಿಂಚುಳ್ಳಿಯೊಂದು ಮೀನು ಕಚ್ಚಿಕೊಂಡು ಹಾರಿತು. ಮಗಳು ಕೂಗಿದ ಕೂಗಿಗೆ ನಾನು ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿದೆ. ಯಾರದೋ ಅಂಗಿಯ ತೋಳು ಸುಟ್ಟಿತು, ಹೋಗಲಿ ಬಿಡಿ. ಏಪ್ರಿಲ್ಲಿನಲ್ಲಿ ಈ ಹಳ್ಳ ಹರಿಯುವುದನ್ನು ನಾನು ಈ ಮನೆಗೆ ಬಂದ ಮೇಲೆ ನೋಡುತ್ತಿರುವುದು ಇದೇ ಮೊದಲು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಜೊತೆಗಾರರಿಗೆಲ್ಲ ನನ್ನ ನಮಸ್ಕಾರ, ನಿಮಗೆ ಮಗಳ ಮುತ್ತು.

ಇಂತಿ,
ನಿಮ್ಮವಳು

ತಾ.ಕ.: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಧೈರ್ಯ ಸಾಲದೆ ಕೊನೆಗೆ ಇಟ್ಟುಕೊಂಡೆ. ಆ ಹೊಸ ಹೋಟೆಲಿನವರು ಗುರುವಾರ ಬಂದಿದ್ದರು. ದಿನಕ್ಕೆ ಇನ್ನೂರು ಚಾದರ ಒಗೆಯುವ ಕೆಲಸ. ಅದು ಸಿಕ್ಕಿದ ದಿನ ನೀವು ಕೆಲಸ ಬಿಟ್ಟು ಮನೆಗೆ ಬರುವುದೆಂದು ಎರಡು ವರ್ಷದಿಂದ ಕಾದಿದ್ದೆವು. ಒಪ್ಪಿದರೆ ಮಡು ವಾರದೊಳಗೆ ಬತ್ತುತ್ತದೆ. ಬೇಡ ಎಂದುಬಿಟ್ಟೆ. ನಿಮ್ಮನ್ನು ಕೇಳದೆ ಹೇಳಿದ್ದು ತಪ್ಪು, ಬೈಯಿರಿ. ಆದರೆ ಬಂದು ಬೈಯಿರಿ. ಚಾವಣಿಯ ಮಳೆನೀರು ಹಿಡಿಯಲು ಹನ್ನೊಂದು ಮನೆಗೂ ಕಬ್ಬಿಣದ ತೊಟ್ಟಿ, ಸ್ಟ್ಯಾಂಡು ಬೇಕಂತೆ. ಪಕ್ಕದ ಎರಡು ಬೀದಿಯವರೂ ಕೇಳಿದ್ದಾರೆ. "ಬೇರೆ ಯಾರನ್ನೂ ಕರೀಬೇಡಿ, ನಮ್ಮವರು ಬರ್ತಾರೆ" ಎಂದು ಮಾತು ಕೊಟ್ಟಿದ್ದೇನೆ. ಮೇ ಹತ್ತರೊಳಗೆ ಬಂದುಬಿಡಿ. ಮಳೆ ಯಾರಿಗೂ ಕಾಯುವುದಿಲ್ಲ. ನನಗೂ ಕಾದು ಸಾಕಾಗಿದೆ.