ತುಳಸಿದಾಸನ ಬ್ಲೇಡು ಮೊಂಡಲ್ಲ

ನಿಶಾನ ಪಪ್ಪಾ,

ಎದ್ದ ಕೂಡಲೇ ಈ ಬ್ಲೇಡಿನ ಪ್ಯಾಕೆಟ್ ಹಿಡಿದುಕೊಂಡು ತುಳಸಿದಾಸನ ಅಂಗಡಿಗೆ ಜಗಳಕ್ಕೆ ಹೋಗಬೇಡಿ. ಅವನು ಡುಪ್ಲಿಕೇಟ್ ಮಾಲು ಕೊಟ್ಟಿಲ್ಲ. ನಿಮ್ಮ ಬ್ಲೇಡು ಮೊಂಡಾಗುವುದು ನನ್ನಿಂದ. ನನಗೂ ಗದ್ದದ ಮೇಲೆ ಕೂದಲು ಬರ್ತದೆ.

ನಿಶಾ ಹುಟ್ಟಿದ ಮೇಲೆ ಶುರುವಾದದ್ದು. ಮೊದಲು ಚಿಮಟದಲ್ಲಿ ಕೀಳುತ್ತಿದ್ದೆ. ಲೇಸರ್ ಮುಗಿಯುವವರೆಗೆ ಕೀಳಲೇಬಾರದು, ಬ್ಲೇಡೇ ಹಾಕಬೇಕು ಅಂದರು ಮಡಗಾಂವಿನ ಡಾಕ್ಟರು. ನಾಲ್ಕು ಸಲ ಲೇಸರ್ ಆಯ್ತು. ಒಂದು ತಿಂಗಳು ಚೆನ್ನಾಗಿರ್ತದೆ, ಮತ್ತೆ ಬರ್ತದೆ. ಇನ್ನೆಷ್ಟು ಸಲ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ. ನಾನಾದರೂ ಎಂತ ಮಾಡಲಿ?

ಇವತ್ತೂ ಮಡಗಾಂವಿಗೇ ಹೊರಟೆ. ಪ್ರತಿ ಸಲ ಅಗಸೂರಿಗೆ, ತವರಿಗೆ ಅಂತ ಹೇಳಿ ಮೊದಲು ಲೇಸರಿಗೆ ಹೋಗಿ, ಆಮೇಲೆ ಅಲ್ಲಿ ಆಯಿ ಮನೆಯಲ್ಲಿ ಎರಡು ದಿನ ಕೂತದ್ದು ಮುಖದ ಕೆಂಪು ಇಳಿಯಲಿ ಅಂತ. "ತಿಂಗಳು ತಿಂಗಳು ಎಂತಾ ತವರು ನಿಂಗೆ?" ಅಂತ ನೀವು ಬೈದಾಗಲೂ ಹೇಳಲು ಬಾಯಿ ಬರಲಿಲ್ಲ. ಈಗಲೂ ಕೈಗಾದಿಂದ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರನ್ನು ಎಬ್ಬಿಸಿ ಹೇಳುವ ಧೈರ್ಯ ಇಲ್ಲ.

ಬಂಗಡೆ ಸಾರು ಬಿಸಿ ಮಾಡಿಕೊಳ್ಳಿ. ರೇಜರಿಗೆ ಹೊಸ ಬ್ಲೇಡು ಹಾಕಿಟ್ಟಿದ್ದೇನೆ, ಅದನ್ನು ನಾನು ಮುಟ್ಟಿಲ್ಲ.

ಈ ಸಲ ಅಗಸೂರಿಗೆ ಹೋಗುವುದಿಲ್ಲ. ಸುಳ್ಳು ಹೇಳಿ ಹೇಳಿ ಸಾಕಾಯ್ತು. ಸಂಜೆ ಸೀದಾ ಮನೆಗೇ ಬರ್ತೇನೆ. ಮುಖ ಕೆಂಪಗೆ ಊದಿರ್ತದೆ, ನಿಶಾ ನೋಡಿದರೆ ಹೆದರ್ತಾಳೆ. ಬಾಗಿಲು ನೀವೇ ತೆಗೀರಿ.

ರೂಪಾಲಿ