ಒಂದೇ ಕಿಡಿಯ ಎಂಜಿನ್

ನಾಯಂಡಹಳ್ಳಿ
12-2-2025

ಚಿರಂಜೀವಿ ಶ್ರೀಶನಿಗೆ ಅಣ್ಣನ ಆಶೀರ್ವಾದ.

ಸಂಕ್ರಾಂತಿಗೆ ರಾಗಿಣಿ ಕಳಿಸಿದ ಎಳ್ಳು ಬೆಲ್ಲ ಬಂತು. ತಿಳಿಸುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಅತ್ತಿಗೆಯ ಮಂಡಿನೋವು ಹಾಗೇ ಇದೆ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಕಾಗದ.

ನಿನ್ನೆ ಧ್ರುವ ಫೋನ್ ಮಾಡಿದ್ದ. "ದೊಡ್ಡಪ್ಪಾ, ಅಪ್ಪ ಕಟ್ಟಿರೋ ಪ್ಲೇನ್ ರೆಡಿ. ಭಾನುವಾರ ನಾನೇ ಹಾರಿಸ್ತೀನಿ. ಎಂಜಿನ್ ನಿಮ್ಮ ಗ್ಯಾರೇಜಿಂದೇ, ಗೊತ್ತಲ್ವಾ?"

ನನಗೆ ಗೊತ್ತಿರಲಿಲ್ಲ. "ಜೀಪಿಗೆ ಬೇಕಣ್ಣಾ" ಎಂದು ನೀನು ಒಯ್ದ ಹಳೇ ಕಾರಿನ ಎಂಜಿನ್ ಅದು. ನಾನೇ ಟೆಂಪೋಗೆ ಹತ್ತಿಸಿಕೊಟ್ಟಿದ್ದೆ.

"ಎಂಜಿನ್ ಅಂದ್ರೆ ಎಂಜಿನ್ನೇ ಕಣಣ್ಣ, ರೋಡಾದ್ರೇನು, ಆಕಾಶ ಆದ್ರೇನು" ಎಂದು ನೀನು ಒಮ್ಮೆ ನಕ್ಕಿದ್ದೆ. ಕಾರು, ವಿಮಾನ ಎರಡರಲ್ಲೂ ಪಿಸ್ಟನ್ ಇದೆ, ಪೆಟ್ರೋಲ್ ಉರಿಯುತ್ತದೆ, ಹೋಲಿಕೆ ಅಷ್ಟೇ. ಮೈಸೂರು ರಸ್ತೆಯಲ್ಲಿ ಕಾರು ಸಿಗ್ನಲ್ಲಿಗೊಮ್ಮೆ ಉಸಿರಾಡಿಕೊಳ್ಳುತ್ತದೆ; ಪೂರ್ತಿ ಶಕ್ತಿ ಯಾವಾಗಲೋ ಒಮ್ಮೆ ಬೇಕು. ವಿಮಾನದ್ದು ಏರಿದಾಗಿನಿಂದ ಹೆಚ್ಚುಕಡಿಮೆ ಪೂರ್ತಿ ಶಕ್ತಿಯಲ್ಲೇ ದುಡಿಯಬೇಕು. ಅದಕ್ಕೇ ಅದರ ಸಿಲಿಂಡರುಗಳು ದೊಡ್ಡವು, ತಿರುಗುವುದು ನಿಧಾನ, ಮುಂದಿನ ಫ್ಯಾನು ನೇರ ಎಂಜಿನ್ ತಿರುಗಿಸುವ ಕ್ರ್ಯಾಂಕ್ ದಂಡಕ್ಕೇ ಕೂರುತ್ತದೆ. ಕಾರಿನದು ಜೋರಾಗಿ ತಿರುಗಿದರೇ ಬಲ. ವೇಗ ಇಳಿಸಲು ಎಂಜಿನ್ನಿಗೂ ಫ್ಯಾನಿಗೂ ನಡುವೆ ಬೆಲ್ಟ್ ಹಾಕಿದ್ದೀಯಂತೆ. ಅದು ಹರಿದರೆ?

ಇನ್ನೊಂದು ಮಾತು. ವಿಮಾನದ ಎಂಜಿನ್ನಿನಲ್ಲಿ ಸಿಲಿಂಡರಿಗೆ ಎರಡೆರಡು ಪ್ಲಗ್ಗು. ಕಿಡಿ ಕೊಡಲು ಎರಡು ಮ್ಯಾಗ್ನೆಟೋ, ಬ್ಯಾಟರಿಯ ಹಂಗಿಲ್ಲ. ಒಂದು ಸತ್ತರೆ ಇನ್ನೊಂದು ಮನೆ ಮುಟ್ಟಿಸುತ್ತದೆ. ನಿನ್ನದರಲ್ಲಿ ಪ್ಲಗ್ಗು ಒಂದೊಂದೇ, ಬ್ಯಾಟರಿ ಒಂದೇ. ಒಂದು ವೈರು ಸಡಿಲವಾದರೆ ಎಲ್ಲ ನಿಂತೀತು. ಕಾರಾದರೆ ರಸ್ತೆ ಪಕ್ಕಕ್ಕೆ ತಳ್ಳಬಹುದು.

ಇದನ್ನೆಲ್ಲ ಧ್ರುವನಿಗೇ ಹೇಳಿದೆ. "ಅಪ್ಪ ಚೆಕ್ ಮಾಡಿದಾರೆ ಬಿಡಿ ದೊಡ್ಡಪ್ಪ" ಅಂದ. ಅಪ್ಪ ಹೇಳಿದ ಮೇಲೆ ನನ್ನ ಮಾತು ಯಾಕೆ?

ರಾಗಿಣಿಗೆ ಆಶೀರ್ವಾದ ತಿಳಿಸು. ಹುಷಾರು.

ಇಂತಿ ನಿನ್ನ ಅಣ್ಣ,
ಯೋಗಾನಂದ

ತಾ.ಕ.: ಹತ್ತು ತಿಂಗಳ ಕೂಸು ಧ್ರುವನನ್ನು ನಿನ್ನ, ರಾಗಿಣಿಯ ಮಡಿಲಿಗೆ ಹಾಕಿದ ದಿನ ಅಮ್ಮ ನನ್ನಿಂದ ಮಾತು ತೆಗೆದುಕೊಂಡಳು: "ಇನ್ಮೇಲೆ ನೀನವನಿಗೆ ದೊಡ್ಡಪ್ಪ, ಅಷ್ಟೇ." ನಿನ್ನ ಅತ್ತಿಗೆ ಇಂದಿಗೂ ಅವನ ಹುಟ್ಟುಹಬ್ಬಕ್ಕೆ ಪಾಯಸ ಮಾಡಿ, ಯಾಕೆಂದು ಯಾರಿಗೂ ಹೇಳದೆ ಬಡಿಸುತ್ತಾಳೆ. ಇಬ್ಬರೂ ಮಾತು ಉಳಿಸಿಕೊಂಡಿದ್ದೇವೆ. ಆದರೆ ಭಾನುವಾರ ಅವನನ್ನು ಅದರಲ್ಲಿ ಕೂರಿಸಿದರೆ, ಕೆಂಗೇರಿ ಆಚೆಯ ನಿನ್ನ ಆ ಮೈದಾನಕ್ಕೆ ಬಂದು, ಎಲ್ಲರೆದುರು, "ಇಳಿಯೋ ಕೆಳಗೆ, ನಿಮ್ಮಪ್ಪ ಹೇಳ್ತಾ ಇದೀನಿ" ಅನ್ನುತ್ತೇನೆ.