ಬಿಸಿನೀರಿನ ತೋಡು

೧೯೫೯ ಡಿಸೆಂಬರ್ ೪
ಬಟ್ಟೆಬುಟ್ಟಿ ಹೊತ್ತು ಇವತ್ತೂ ತೋಡಿಗೆ, ಸಮುದ್ರದ ಉಪ್ಪುನೀರು ಹತ್ತಿ ಇಳಿಯುವ ಹಳ್ಳಕ್ಕೆ. ಪವರ್ ಹೌಸಿನ ಪೈಪು ಬೀಳುವ ಕಡೆ ಆಗಲೇ ಐದಾರು ಹೆಂಗಸರು. ಇಂಜಿನ್ ತಣಿಸಿ ಬಂದ ಬಾವಿನೀರು — ಉಪ್ಪಿಲ್ಲ, ಸೋಪಿಗೆ ಚೆನ್ನಾಗಿ ನೊರೆ ಬರುತ್ತದೆ, ಕೈಗೆ ಹಿತ. ಆಚೆಮನೆ ಸರೋಜ ದೂರದಿಂದಲೇ ಕೂಗಿದಳು, "ಹ್ವಾಯ್ ಉಮಾವತಕ್ಕ, ಬೇಗ ಬನ್ನಿ, ನಿಮ್ಗೆ ಜಾಗ ಹಿಡ್ದಿದೆ ಕಾಣಿ!"
ಇವರು ಬೊಂಬಾಯಿ ಹೋಟೆಲಿಗೆ ದುಡಿಯಲು ಹೋದ ಮೇಲೆ ಮನೆಯಲ್ಲಿ ನನ್ನ ದನಿಯೇ ನನಗೆ ಮರೆತುಹೋಗಿತ್ತು. ಕುಂದಾಪುರ ಪೇಟೆಗೆ ಕರೆಂಟ್ ಬಂತೆಂದು ಎಲ್ಲರಿಗೂ ಖುಷಿ. ನನಗೆ ಈ ತೋಡು ಸಾಕು.

ಡಿಸೆಂಬರ್ ೨೧
ಬೆಚ್ಚನೆಯ ನೀರಿಗೆ ಮೀನು ಮುತ್ತುತ್ತಿವೆ. ತೋಡಿನಲ್ಲೇ ಬಲೆ ಬೀಸಿ ಬದುಕುವ ಗುಡ್ಡಜ್ಜನಿಗೆ ಬುಟ್ಟಿ ತುಂಬ. ಅವನ ಸೊಸೆ ವನಜ ನಾಲ್ಕು ಕಾಣೆ ಮೀನು ತಂದುಕೊಟ್ಟಳು. ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿದಳು. ಎದ್ದು ಹೋಗುವ ಅವಸರವೇ ಇರಲಿಲ್ಲ ಅವಳಿಗೆ. ನನಗೂ.

೧೯೬೦ ಏಪ್ರಿಲ್ ೧೧
ಬಹಳ ದಿನ ಬರೆದಿಲ್ಲ. ಮಾತಿಗೆ ಜನ ಸಿಕ್ಕರೆ ಇದು ಯಾರಿಗೆ ಬೇಕು.
ಪವರ್ ಹೌಸಿಗೆ ಎರಡನೇ ಇಂಜಿನ್ ಹಾಕಿದ್ದಾರಂತೆ, ಬಿಸಿನೀರು ದುಪ್ಪಟ್ಟು. ಇವತ್ತು ಹೋದಾಗ ಸಮುದ್ರದ ಇಳಿತ — ತೋಡಿನಲ್ಲಿ ಮೊಣಕಾಲುದ್ದ ನೀರು, ಕಾಲಿಟ್ಟರೆ ಚುರುಕ್. ಏಡಿಗಳು ದಡ ಹತ್ತಿ ಓಡುತ್ತಿದ್ದವು. ಕಾಣೆ, ಸಿಗಡಿ, ಹೆಸರೇ ಗೊತ್ತಿಲ್ಲದ ಮರಿಗಳು... ಎಲ್ಲ ಸತ್ತು ತೇಲುತ್ತಿದ್ದವು. ಗುಡ್ಡಜ್ಜ ಹೆಗಲ ಬಲೆ ಇಳಿಸಲೇ ಇಲ್ಲ.
"ಮರಿ ಸೈತ ಉಳೀಲಿಲ್ಲೆ ಅಮ್ಮ," ಅಂದಳು ವನಜ. "ಇನ್ನ್ ಎಂತ ಹಿಡೂದ್?"
ಸರೋಜ ಸತ್ತ ಮೀನನ್ನು ಕೋಲಿನಿಂದ ಆಚೆ ತಳ್ಳಿ ಒಗೆಯತೊಡಗಿದಳು. ನಾನೂ ಒಗೆದೆ.

ಏಪ್ರಿಲ್ ೨೯, ಮಧ್ಯಾಹ್ನ
ಗುಡ್ಡಜ್ಜ ದೂರು ಕೊಟ್ಟಿದ್ದ. ಇಂಜಿನಿಯರ್ ಬಂದರು, ಉಬ್ಬರದ ಹೊತ್ತಿಗೆ; ಸಮುದ್ರದ ನೀರು ಸೇರಿ ತೋಡು ತಣ್ಣಗಿತ್ತು. ನೀರಿಗೆ ಕೈಯಾಡಿಸಿ ನಕ್ಕರು. ಮೀನು ಸತ್ತದ್ದನ್ನು ಬೇರೆ ಯಾರು ನೋಡಿದ್ದೀರಿ, ನಿಜವಾದರೆ ಪೈಪನ್ನು ದೊಡ್ಡ ಹೊಳೆಗೆ ಒಯ್ಯುತ್ತೇವೆ, ಎಂದರು.
ಸರೋಜ ತಕ್ಷಣ, "ಎಂತದೂ ಇಲ್ಲೆ ಸ್ವಾಮಿ. ನಾವ್ ದಿನಾ ಇಲ್ಲೇ ಒಗಿತ್ತ್."
ಉಳಿದವರು ತಲೆಯಾಡಿಸಿದರು. ವನಜ ನನ್ನನ್ನೇ ನೋಡುತ್ತಿದ್ದಳು.
"ಇಳಿತದಗೆ ಬನ್ನಿ," ಎಂದೆ. "ಕಾಲ್ ಇಡೂಕೆ ಆತ್ತಿಲ್ಲೆ. ಮೀನ್ ಸತ್ತದ್ದ್ ನಾನ್ ಕಂಡಿದೆ."
ಮನೆಗೆ ಬರುವಾಗ ಜೊತೆಗೆ ಯಾರೂ ನಡೆಯಲಿಲ್ಲ.

ಜೂನ್ ೨
ಪೈಪು ಹೊಳೆಗೆ ಹೋಯಿತು. ಒಗೆಯುವ ಕಲ್ಲುಗಳ ಮೇಲೆ ಕಾಗೆಗಳು. ತೋಡಿಗೆ ಮೀನು ತಿರುಗಿ ತುಂಬಲು ವರ್ಷ ಬೇಕಂತೆ. ಗುಡ್ಡಜ್ಜನ ಮನೆಯವರೆಲ್ಲ ಶಿರೂರಿಗೆ, ನೆಂಟರ ಕಡೆ. ವನಜ ಹೇಳಿಹೋಗಲು ಬಂದಿದ್ದಳು. "ನೀವ್ ಹೇಳದ್ದ್ ನಾ ಮರೂದಿಲ್ಲೆ ಅಮ್ಮ." ಕೂರು ಎಂದೆ. ಹೊತ್ತಾಯಿತು ಎಂದಳು.

ಜುಲೈ ೧೯
ಮಳೆ. ಇವತ್ತು ಯಾರೊಡನೆಯೂ ಮಾತಿಲ್ಲ. ನಿನ್ನೆಯೂ.

ಡಿಸೆಂಬರ್ ೧೦, ಸಂಜೆ
ಅಂಗಡಿ ಹತ್ತಿರ ಸರೋಜ ಎದುರಾದಳು. ಈ ಸಲ ಮುಖ ತಿರುಗಿಸಲಿಲ್ಲ.
"ಬೆಳಿಗ್ಗೆ ಬಟ್ಟೆ ಒಗೂಕೆ ಕೈಯೇ ಬತ್ತಿಲ್ಲೆ, ಚಳಿ," ಎಂದಳು. ಬೈದದ್ದೋ, ಸುಮ್ಮನೆ ಹೇಳಿದ್ದೋ. ಸ್ವಲ್ಪ ತಡೆದು, "ತೋಡಿಗೆ ಮೀನ್ ಬಂತಾ?"
"ಸಣ್ ಸಣ್ ಮರಿ ಕಂಡೆ."
"ಹೌದಾ," ಎಂದು ನಿಂತಳು. ನಾನು ಏನೋ ಹೇಳುತ್ತೇನೆಂದು ಕಾದಳೇನೋ. ಆಮೇಲೆ ಹೋದಳು.
ನಮ್ಮ ಬಾವಿಕಟ್ಟೆಗೇ ಬನ್ನಿ ಎಲ್ಲರೂ, ಹಂಡೆ ತುಂಬ ನೀರು ಕಾಯಿಸಿ ಕೊಡುತ್ತೇನೆ — ಅಷ್ಟು ಹೇಳಬಹುದಿತ್ತು. ಮನೆಗೆ ಬಂದ ಮೇಲೆ ಹೊಳೆಯಿತು.
ಹಂಡೆ ತಿಕ್ಕಿ ಒಲೆ ಮೇಲಿಟ್ಟಿದ್ದೇನೆ. ಸೌದೆ ಇದೆ. ಬೆಳಿಗ್ಗೆ ಎದ್ದವಳೇ ಅವಳ ಮನೆ ಬಾಗಿಲಿಗೆ ಹೋಗಿ ಕರೆಯಬೇಕು. ಒಲ್ಲೆ ಎಂದರೆ...